ಮೂರು ಖಾತೆಗಳಲ್ಲಿ ಮೈಲುಗಳಿವೆ, ಬೇಕಾದಾಗ ಸೀಟು ಸಿಗುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ವರ್ಷಕ್ಕೆ ಏಳೆಂಟು ಸಲ ವಿಮಾನದಲ್ಲಿ ಓಡಾಡುತ್ತೇನೆ. ಅರ್ಧ ಕಚೇರಿ ಖರ್ಚು, ಅರ್ಧ ಸ್ವಂತದ್ದು. ಮೂರು ವಿಮಾನ ಸಂಸ್ಥೆಗಳ ಫ್ರೀಕ್ವೆಂಟ್ ಫ್ಲೈಯರ್ ಖಾತೆಗಳಿವೆ, ಅಂದರೆ ಹಾರಿದಾಗ ‘ಮೈಲು’ ಎಂಬ ಪಾಯಿಂಟ್ ಜಮೆಯಾಗಿ ಮುಂದೆ ಟಿಕೆಟ್ಟಿಗೆ ಬಳಸಲು ಬರುವಂಥವು. ಒಂದರಲ್ಲಿ 42,000 ಮೈಲು ಇದೆ, ಅದರ ಅವಧಿ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ ಎಂದು ಇಮೇಲ್ ಬಂದಿದೆ. ಇನ್ನೊಂದರಲ್ಲಿ 11,000, ಮತ್ತೊಂದರಲ್ಲಿ 3,500. ಇವಲ್ಲದೆ ಕ್ರೆಡಿಟ್ ಕಾರ್ಡಿನಲ್ಲಿ 60,000 ಪಾಯಿಂಟ್ ಇವೆ. ಬೇಕಾದ ದಿನಕ್ಕೆ ಹುಡುಕಿದರೆ ಒಂದೋ ಸೀಟಿಲ್ಲ, ಇಲ್ಲವೇ ಎರಡರಷ್ಟು ಮೈಲು ಕೇಳುತ್ತಾರೆ. ಸಿಲ್ವರ್ ದರ್ಜೆಗೆ ಇನ್ನೊಂದು ಸಲ ಹೋಗಿಬಂದರೆ ಸಾಕಂತೆ, ಅದಕ್ಕಾಗಿಯೇ ಒಂದು ಟ್ರಿಪ್ ಹಾಕಲೇ? ಕಳೆದ ತಿಂಗಳ ಒಂದು ಪ್ರಯಾಣದ ಮೈಲು ಜಮೆಯೇ ಆಗಿಲ್ಲ. ಗೆಳೆಯರೊಬ್ಬರು ‘ಇದೆಲ್ಲ ಮೋಸ, ಆ ದುಡ್ಡೂ ಟಿಕೆಟ್ ದರದಲ್ಲೇ ಸೇರಿರುತ್ತದೆ’ ಅನ್ನುತ್ತಾರೆ. ಟ್ರಾವೆಲ್ ಏಜೆಂಟರು ‘ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ, ಒಂದೇ ಸಂಸ್ಥೆಯಲ್ಲಿ ಹೋಗಿ’ ಅನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಮೈಲುಗಳು ಈಗ ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನುವ ಸ್ಥಿತಿಯಲ್ಲಿವೆ. ವರ್ಷಕ್ಕೆ ಏಳೆಂಟು ಸಲ ಹಾರುವ ಬಹಳಷ್ಟು ಜನರ ಪಾಡು ಇದೇ. ಗೆಳೆಯರ ಮಾತೂ ಏಜೆಂಟರ ಮಾತೂ ಅರ್ಧರ್ಧ ಸರಿ. ಮೊದಲು 42,000 ಮೈಲುಗಳ ವಿಷಯ ನೋಡೋಣ, ಏಕೆಂದರೆ ಅದಕ್ಕೆ ಗಡುವು ಇದೆ.

ಅವಧಿ ಮುಗಿಯುವುದರಲ್ಲಿ ಎರಡು ಬಗೆ ಇದೆ. ನಿಮ್ಮದು ಯಾವ ಬಗೆ ಎಂದು ಆ ಸಂಸ್ಥೆಯ ಮೈಲು ಯೋಜನೆಯ ನಿಯಮಗಳ ಪುಟದಲ್ಲಿ ಇವತ್ತೇ ನೋಡಿ. ಮೊದಲನೆಯದು ಚಟುವಟಿಕೆ ಆಧಾರಿತ: ಖಾತೆಯಲ್ಲಿ ಇಂತಿಷ್ಟು ತಿಂಗಳು ಜಮೆಯೋ ಖರ್ಚೋ ಏನೂ ನಡೆಯದಿದ್ದರೆ ಇದ್ದ ಮೈಲೆಲ್ಲ ಒಟ್ಟಿಗೆ ಹೋಗುತ್ತದೆ. ಅಮೆರಿಕನ್ ಏರ್‌ಲೈನ್ಸ್‌ನ ಎಎಡ್ವಾಂಟೇಜ್ ಯೋಜನೆಯಲ್ಲಿ ಇದು 24 ತಿಂಗಳು, ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್‌ನಲ್ಲಿ 36 ತಿಂಗಳು. ಇಂಥ ಖಾತೆಯನ್ನು ಉಳಿಸಿಕೊಳ್ಳುವುದು ಸುಲಭ. ಕಾರ್ಡಿನಿಂದ ಒಂದು ಸಾವಿರ ಪಾಯಿಂಟ್ ವರ್ಗಾಯಿಸಿದರೆ, ಅಥವಾ ಯೋಜನೆಯ ಶಾಪಿಂಗ್ ಪೋರ್ಟಲ್ ಮೂಲಕ ಹೇಗೂ ಕೊಳ್ಳಬೇಕಿದ್ದ ಸಣ್ಣ ಸಾಮಾನೊಂದನ್ನು ಕೊಂಡರೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಂದು ಎಚ್ಚರಿಕೆ ಇದೆ. ಕೆಲವು ಯೋಜನೆಗಳು ವಿಮಾನ ಪ್ರಯಾಣವನ್ನೋ ತಮ್ಮದೇ ಹೆಸರಿನ ಕಾರ್ಡಿನ ಬಳಕೆಯನ್ನೋ ಮಾತ್ರ ಚಟುವಟಿಕೆ ಎಂದು ಲೆಕ್ಕ ಹಿಡಿಯುತ್ತವೆ. ಶಾಪಿಂಗ್ ಮೈಲು ಜಮೆಯಾಗಲು ಆರರಿಂದ ಎಂಟು ವಾರ ಹಿಡಿಯುವುದೂ ಉಂಟು. ಲೆಕ್ಕಕ್ಕೆ ಬರುವುದು ಮೈಲು ಖಾತೆಗೆ ಬಿದ್ದ ದಿನ, ನೀವು ಸಾಮಾನು ಕೊಂಡ ದಿನವಲ್ಲ. ಆದ್ದರಿಂದ ಕೊನೆಯ ತಿಂಗಳವರೆಗೆ ಕಾಯಬೇಡಿ.

ಎರಡನೆಯದು ದಿನಾಂಕ ಆಧಾರಿತ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಮೈಲು ಗಳಿಸಿದ 36 ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತದೆ, ನಡುವೆ ಎಷ್ಟು ಸಲ ಹಾರಿದರೂ ಹಳೆಯ ಮೈಲಿಗೆ ಜೀವ ಬರುವುದಿಲ್ಲ. ಜಪಾನಿನ ಎಎನ್‌ಎ ವಿಮಾನ ಸಂಸ್ಥೆಯದ್ದೂ ಇದೇ ಮಾದರಿ. ಇಲ್ಲಿ ಉಳಿದ ದಾರಿ ಖರ್ಚು ಮಾಡುವುದು. ಇಂಥ ಹಲವು ಯೋಜನೆಗಳಲ್ಲಿ ಅವಧಿ ಮುಗಿಯುವ ಮೊದಲು ಟಿಕೆಟ್ ಬುಕ್ ಆಗಿದ್ದರೆ ಸಾಕು, ಪ್ರಯಾಣ ಆಮೇಲೆ ಮಾಡಬಹುದು. ಅಂದರೆ ನಾಲ್ಕು ತಿಂಗಳೊಳಗೇ ಹಾರಬೇಕೆಂದಿಲ್ಲ, ಹತ್ತು ತಿಂಗಳಾಚೆಯ ದಿನಕ್ಕೂ ಬುಕ್ ಮಾಡಬಹುದು. ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅವಧಿ ದಾಟಿದ ಮೇಲೆ ಆ ಟಿಕೆಟ್ಟನ್ನು ರದ್ದು ಮಾಡಿದರೆ ಮೈಲು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಅಥವಾ ಹಿಂದಿರುಗಿದ ಕ್ಷಣವೇ ಸಾಯುತ್ತದೆ. ದಿನ ಬದಲಿಸಲು ಅವಕಾಶವಿದೆಯೇ, ಶುಲ್ಕವೆಷ್ಟು ಎಂದು ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಅಮೆರಿಕದ ಡೆಲ್ಟಾ, ಯುನೈಟೆಡ್, ಜೆಟ್‌ಬ್ಲೂ ಮುಂತಾದ ಸಂಸ್ಥೆಗಳಲ್ಲಿ ಮೈಲಿಗೆ ಅವಧಿಯೇ ಇಲ್ಲ. ಆದರೆ ಅವಧಿ ಇಲ್ಲ ಅಂದ ಮಾತ್ರಕ್ಕೆ ಬೆಲೆಯೂ ಹಾಗೇ ಉಳಿಯುತ್ತದೆ ಅಂತಲ್ಲ.

ಸಂಸ್ಥೆಗೆ ಇದರಿಂದ ಏನು ಸಿಗುತ್ತದೆ

ಸೀಟು ಏಕೆ ಸಿಗುವುದಿಲ್ಲ ಎನ್ನುವುದು ತಿಳಿಯಬೇಕಾದರೆ ಸಂಸ್ಥೆಯ ಕಡೆಯ ಲೆಕ್ಕ ತಿಳಿಯಬೇಕು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಎಡ್ವಾಂಟೇಜ್ ಶುರುಮಾಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನದನ್ನು ತಂದಿತು. ಆಗಿನ ಉದ್ದೇಶ ಸರಳವಾಗಿತ್ತು. 1978ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಡಿಲಗೊಂಡು ದರದ ಪೈಪೋಟಿ ಶುರುವಾಗಿತ್ತು, ಪದೇ ಪದೇ ಹಾರುವ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಹೇಗೂ ಖಾಲಿ ಹೋಗುವ ಸೀಟನ್ನು ಬಹುಮಾನವಾಗಿ ಕೊಟ್ಟರೆ ಸಂಸ್ಥೆಗೆ ಬೀಳುವ ಖರ್ಚು ಒಬ್ಬರ ತೂಕಕ್ಕೆ ತಗಲುವ ಇಂಧನ, ಒಂದು ಊಟ, ಒಂದಿಷ್ಟು ನಿರ್ವಹಣೆ, ಅಷ್ಟೇ. ಪ್ರಯಾಣಿಕನಿಗೆ ಅದೇ ಸೀಟು ಪೂರ್ತಿ ಟಿಕೆಟ್ಟಿನ ಬೆಲೆಯದ್ದು. ಈ ಎರಡು ಲೆಕ್ಕಗಳ ನಡುವಿನ ಅಂತರದ ಮೇಲೆಯೇ ಇಡೀ ಯೋಜನೆ ನಿಂತಿದೆ.

ಇಂದಿನ ದೊಡ್ಡ ಆದಾಯ ಬೇರೆ ಕಡೆಯಿಂದ ಬರುತ್ತದೆ. ಸಂಸ್ಥೆಗಳು ಮೈಲುಗಳನ್ನು ಬ್ಯಾಂಕುಗಳಿಗೆ ಸಗಟಿನಲ್ಲಿ ಮಾರುತ್ತವೆ. ನೀವು ಕಾರ್ಡಿನಲ್ಲಿ ಖರ್ಚು ಮಾಡಿದಾಗ ಬರುವ ಮೈಲನ್ನು ಬ್ಯಾಂಕು ದುಡ್ಡು ಕೊಟ್ಟು ಕೊಂಡಿರುತ್ತದೆ. ಡೆಲ್ಟಾ ಸಂಸ್ಥೆಗೆ ಅಮೆರಿಕನ್ ಎಕ್ಸ್‌ಪ್ರೆಸ್ ಜೊತೆಗಿನ ಒಪ್ಪಂದದಿಂದ 2023ರಲ್ಲಿ ಬಂದದ್ದು ಸುಮಾರು 680 ಕೋಟಿ ಡಾಲರ್, 2024ರಲ್ಲಿ ಸುಮಾರು 740 ಕೋಟಿ. ಈ ದುಡ್ಡು ನೀವು ಹಾರುವ ಎಷ್ಟೋ ಮೊದಲು ಸಂಸ್ಥೆಯ ಕೈಸೇರುತ್ತದೆ. ಅದರಲ್ಲೊಂದು ಪಾಲನ್ನು ಮುಂದೆ ಕೊಡಬೇಕಾದ ಪ್ರಯಾಣದ ಹೊಣೆ ಎಂದು ಲೆಕ್ಕಪುಸ್ತಕದಲ್ಲಿ ಬಾಕಿ ತೋರಿಸುತ್ತಾರೆ, ಉಳಿದ ಪಾಲು ಕಾರ್ಡಿಗೆ ತಮ್ಮ ಹೆಸರು ಬಳಸಲು ಬಿಟ್ಟದ್ದರ ಆದಾಯ. ಯಾರೂ ಉಪಯೋಗಿಸದೆ ಸಾಯುವ ಮೈಲುಗಳಿಗೂ ಒಂದು ಅಂದಾಜು ಹಾಕಿ ಅದನ್ನೂ ಆದಾಯಕ್ಕೆ ಸೇರಿಸುತ್ತಾರೆ. ನಿಮ್ಮ 42,000 ಸತ್ತರೆ ಆ ಅಂದಾಜಿನೊಳಗೆ ಸೇರಿಹೋಗುತ್ತದೆ.

2020ರಲ್ಲಿ ವಿಮಾನಗಳು ನೆಲ ಹಿಡಿದಾಗ ಈ ಯೋಜನೆಗಳ ನಿಜವಾದ ತೂಕ ಹೊರಗೆ ಕಂಡಿತು. ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ಸನ್ನು ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು, ಡೆಲ್ಟಾ ಸ್ಕೈಮೈಲ್ಸ್ ಮೇಲೆ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ. ಆಗ ಯುನೈಟೆಡ್ ಮುಂದಿಟ್ಟ ಅಂದಾಜಿನಲ್ಲಿ ಅದರ ಮೈಲು ಯೋಜನೆಯ ಮೌಲ್ಯವೇ ಸುಮಾರು 2,190 ಕೋಟಿ ಡಾಲರ್. ಆ ಹೊತ್ತಿಗೆ ಷೇರುಪೇಟೆಯಲ್ಲಿ ಇಡೀ ಸಂಸ್ಥೆಗಿದ್ದ ಬೆಲೆಗಿಂತ ಅದು ಹೆಚ್ಚು.

ಹಾಗಾದರೆ ಗೆಳೆಯರು ಹೇಳಿದಂತೆ ಮೋಸವೇ? ಅಲ್ಲ. ಮೈಲುಗಳಿಂದ ನಿಜವಾದ ಟಿಕೆಟ್ ಸಿಗುತ್ತದೆ, ಲೆಕ್ಕ ಹಾಕಿ ಬಳಸುವವರಿಗೆ ಒಳ್ಳೆಯ ಬೆಲೆಯೂ ಸಿಗುತ್ತದೆ. ಆದರೆ ಮೈಲನ್ನು ಅಚ್ಚು ಹಾಕುವುದೂ ಸಂಸ್ಥೆಯೇ, ಅದಕ್ಕೆ ಏನು ಸಿಗಬೇಕೆಂದು ನಿರ್ಧರಿಸುವುದೂ ಸಂಸ್ಥೆಯೇ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಬಡ್ಡಿ ಬರುತ್ತದೆ. ಇಲ್ಲಿ ಬಡ್ಡಿಯಿಲ್ಲ, ಟಿಕೆಟ್ಟಿಗೆ ಬೇಕಾದ ಮೈಲು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತದೆ. ನಿಯಮ ಯಾವಾಗ ಬೇಕಾದರೂ ಬದಲಾಗಬಹುದು ಎಂಬ ಷರತ್ತಿಗೆ ನೀವು ಸೇರುವಾಗಲೇ ಒಪ್ಪಿರುತ್ತೀರಿ. ಕೋರ್ಟಿಗೆ ಹೋದರೂ ಕಷ್ಟವೇ. ನಾರ್ತ್‌ವೆಸ್ಟ್ ಏರ್‌ಲೈನ್ಸ್ ಸದಸ್ಯರೊಬ್ಬರನ್ನು ಯೋಜನೆಯಿಂದ ಕೈಬಿಟ್ಟ ಪ್ರಕರಣದಲ್ಲಿ, ಸಂಸ್ಥೆ ಸದ್ಭಾವನೆಯಿಂದ ನಡೆದುಕೊಳ್ಳಲಿಲ್ಲ ಎಂಬ ವಾದವನ್ನು, ವಿಮಾನಯಾನ ನಿಯಂತ್ರಣ ಸಡಿಲಿಸಿದ ಅದೇ 1978ರ ಕಾಯ್ದೆಯ ಆಧಾರದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು.

ಮೈಲಿನ ಖರ್ಚು ಟಿಕೆಟ್ ದರದಲ್ಲೇ ಸೇರಿದೆ ಎಂಬ ಅವರ ಮಾತಿನಲ್ಲಿ ಒಂದು ಸತ್ಯಾಂಶವಿದೆ. ಗಿರಾಕಿ ಒಂದೇ ಸಂಸ್ಥೆಗೆ ಕಟ್ಟುಬಿದ್ದರೆ ಹೊಸ ಸಂಸ್ಥೆ ಆ ಮಾರ್ಗಕ್ಕೆ ಬರಲು ಕಷ್ಟ, ಪೈಪೋಟಿ ಕಡಿಮೆಯಾದರೆ ದರ ಇಳಿಯುವುದಿಲ್ಲ. ನಾರ್ವೆ ದೇಶ ಇದನ್ನು ಗಂಭೀರವಾಗಿ ತೆಗೆದುಕೊಂಡು 2002ರಲ್ಲಿ ಎಸ್‌ಎಎಸ್ ಎಂಬ ವಿಮಾನ ಸಂಸ್ಥೆಯು ದೇಶದೊಳಗಿನ ಮಾರ್ಗಗಳಲ್ಲಿ ಪಾಯಿಂಟ್ ಕೊಡುವುದನ್ನೇ ನಿಷೇಧಿಸಿತು. ಆಮೇಲೆ ಆ ನಿಷೇಧವನ್ನು ಎಲ್ಲ ಸಂಸ್ಥೆಗಳಿಗೂ ವಿಸ್ತರಿಸಿ, 2013ರಲ್ಲಿ ತೆಗೆಯಿತು. ಇನ್ನೊಂದು ವಿಷಯ ನಿಮಗೇ ಅನ್ವಯಿಸುತ್ತದೆ: ಟಿಕೆಟ್ ದುಡ್ಡು ಕಚೇರಿಯದು, ಮೈಲು ನಿಮ್ಮದು. ಇಂಥ ಪ್ರಯಾಣಿಕ ದರ ನೋಡದೆ ಸಂಸ್ಥೆ ಆರಿಸುತ್ತಾನೆ ಎನ್ನುವುದು ಈ ಯೋಜನೆಗಳಿಗೆ ಮೊದಲಿನಿಂದಲೂ ದೊಡ್ಡ ಬಲ. ಕಚೇರಿಯ ಪ್ರಯಾಣ ನೀತಿ ಏನು ಹೇಳುತ್ತದೆ ಎಂದು ಒಮ್ಮೆ ಓದಿಬಿಡಿ.

ಒಂದು ಮೈಲಿಗೆ ಎಷ್ಟು ಬೆಲೆ

ಏಜೆಂಟರ ಮಾತನ್ನು ಅಳೆಯಲು ಒಂದು ಲೆಕ್ಕ ಬೇಕು. ಡಾಲರ್‌ನಲ್ಲಿ ತೋರಿಸುತ್ತೇನೆ, ನಾಣ್ಯ ಬದಲಾದರೂ ವಿಧಾನ ಅದೇ. ನಿಮಗೆ ನಿಜವಾಗಿ ಬೇಕಾದ ಪ್ರಯಾಣಕ್ಕೆ ದುಡ್ಡಿನ ಟಿಕೆಟ್ 400 ಎಂದುಕೊಳ್ಳಿ. ಅದೇ ಸೀಟು ಮೈಲಿನಲ್ಲಿ 25,000, ಜೊತೆಗೆ ತೆರಿಗೆ ಮತ್ತು ಶುಲ್ಕ ಅಂತ 90 ಕೈಯಿಂದ ಕೊಡಬೇಕು. 400ರಿಂದ 90 ಕಳೆದರೆ 310. ಇದನ್ನು 25,000ದಿಂದ ಭಾಗಿಸಿದರೆ ಮೈಲಿಗೆ 1.24 ಸೆಂಟ್. ಇನ್ನೂ ಒಂದು ತಿದ್ದುಪಡಿ ಇದೆ, ಬಹಳ ಜನ ಮರೆಯುವುದು ಇದನ್ನೇ. ದುಡ್ಡು ಕೊಟ್ಟು ಹಾರಿದ್ದರೆ ಸುಮಾರು 1,550 ಮೈಲು ಬರುತ್ತಿತ್ತು, ಮೈಲು ಕೊಟ್ಟು ಹಾರಿದರೆ ಬರುವುದಿಲ್ಲ. ಅದನ್ನೂ ಖರ್ಚಿಗೆ ಸೇರಿಸಿ 26,550ರಿಂದ ಭಾಗಿಸಿದರೆ 1.17 ಸೆಂಟ್. ನಿಮ್ಮ ಪ್ರಯಾಣಗಳಿಗೆ ಹೀಗೆ ನಾಲ್ಕೈದು ಲೆಕ್ಕ ಮಾಡಿದರೆ ನಿಮ್ಮದೇ ಒಂದು ಸರಾಸರಿ ಸಿಗುತ್ತದೆ. ಜಾಹೀರಾತಿನಲ್ಲಿ ಬರುವ ಸಂಖ್ಯೆಗಿಂತ ಅದನ್ನು ನಂಬಿ. ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ ಲೆಕ್ಕ ಹಾಕಿದರೆ ಮೈಲಿಗೆ ನಾಲ್ಕೈದು ಸೆಂಟ್ ಬರುವುದುಂಟು. ಆದರೆ ಆ ಸೀಟಿಗೆ ನೀವು ಎಂದೂ ದುಡ್ಡು ಕೊಟ್ಟು ಹೋಗುವವರಲ್ಲದಿದ್ದರೆ ಅದು ಕಾಗದದ ಮೇಲಿನ ಲಾಭ. ಸುಖವಾಗಿ ಮಲಗಿ ಹೋಗುವುದಕ್ಕೆ ನೀವು ನಿಜವಾಗಿ ಎಷ್ಟು ಹೆಚ್ಚು ಕೊಡುತ್ತಿದ್ದಿರೋ ಅಷ್ಟನ್ನೇ ಹಿಡಿಯಿರಿ.

ಈಗ ಏಜೆಂಟರ ಸಲಹೆಗೆ ಬನ್ನಿ. ನಿಮ್ಮ ಸಂಸ್ಥೆಯಲ್ಲಿ 400, ಇನ್ನೊಂದರಲ್ಲಿ 350. ಮೊದಲನೆಯದರಲ್ಲಿ ತೆರಿಗೆ ಬಿಟ್ಟ ಮೂಲ ದರ 310 ಇದ್ದು ಡಾಲರಿಗೆ 5 ಮೈಲು ಎಂದರೆ ಬರುವುದು 1,550 ಮೈಲು, ಅಂದರೆ ಮೇಲಿನ 1.17 ಸೆಂಟಿನ ಲೆಕ್ಕದಲ್ಲಿ ಸುಮಾರು 18 ಡಾಲರ್. ಇನ್ನೊಂದು ಸಂಸ್ಥೆಯಲ್ಲೂ ಅದೇ ರೀತಿ ಸುಮಾರು 15 ಡಾಲರಿನಷ್ಟು ಮೈಲು ಬರುತ್ತದೆ. 50 ಡಾಲರ್ ಹೆಚ್ಚು ಕೊಟ್ಟು ಪಡೆದದ್ದು 3 ಡಾಲರಿನ ಮೈಲು. ಮೂಗಿಗಿಂತ ಮೂಗುತಿ ಭಾರ. ದರ ಸಮವಾಗಿದ್ದು, ಸಮಯ ಮತ್ತು ನೇರ ವಿಮಾನದ ಅನುಕೂಲವೂ ಒಂದೇ ಥರ ಇದ್ದಾಗ, ಮೈಲು ನೋಡಿ ಆರಿಸುವುದು ಸರಿ. ಅದಕ್ಕಿಂತ ಮುಂದೆ ಹೋಗಬೇಡಿ.

ಇಲ್ಲಿ ಇನ್ನೊಂದು ಹಳೆಯ ತಪ್ಪು ಕಲ್ಪನೆಯನ್ನೂ ತೆಗೆಯಬೇಕು. ‘ಮೈಲು’ ಎಂಬ ಹೆಸರಿದ್ದರೂ ಬಹಳ ಕಡೆ ಅದಕ್ಕೂ ಹಾರಿದ ದೂರಕ್ಕೂ ಈಗ ಸಂಬಂಧವಿಲ್ಲ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ ದೂರದ ಬದಲು ಖರ್ಚಿನ ಮೇಲೆ ಮೈಲು ಕೊಡಲು ಶುರುಮಾಡಿದವು. ಆಗ ತಂದ ಪದ್ಧತಿಯಲ್ಲಿ ಸಾಮಾನ್ಯ ಸದಸ್ಯನಿಗೆ ಡಾಲರಿಗೆ 5, ಅತಿ ಮೇಲಿನ ದರ್ಜೆಯವನಿಗೆ 11. ಅಗ್ಗದ ದೂರದ ಟಿಕೆಟ್ ಹಿಡಿದು ಮೈಲು ರಾಶಿ ಹಾಕುವ ಕಾಲ ಅಲ್ಲಿ ಮುಗಿಯಿತು. ದೂರದ ಲೆಕ್ಕ ಉಳಿದಿರುವ ಕಡೆ ಟಿಕೆಟ್ಟಿನ ಮೇಲಿನ ಒಂದು ಅಕ್ಷರ ಎಲ್ಲವನ್ನೂ ನಿರ್ಧರಿಸುತ್ತದೆ. ಅದನ್ನು ಬುಕ್ಕಿಂಗ್ ಕ್ಲಾಸ್ ಅನ್ನುತ್ತಾರೆ. ಎಕಾನಮಿಯಲ್ಲೇ ವೈ, ಬಿ, ಎಂ ಮುಂತಾದ ದುಬಾರಿ ಕ್ಲಾಸಿಗೆ ಪೂರ್ತಿ ದೂರದ ಮೈಲು ಬಂದರೆ, ತೀರಾ ಅಗ್ಗದ ಕ್ಲಾಸಿಗೆ ಕಾಲು ಭಾಗ ಬರಬಹುದು, ಏನೂ ಬಾರದೆಯೂ ಇರಬಹುದು.

ಸೀಟು ಏಕೆ ಸಿಗುವುದಿಲ್ಲ, ಎಲ್ಲಿ ಸಿಗುತ್ತದೆ

ಸಂಸ್ಥೆಯ ಕಂಪ್ಯೂಟರ್ ಪ್ರತಿ ವಿಮಾನಕ್ಕೂ ಎಷ್ಟು ಸೀಟು ದುಡ್ಡಿಗೆ ಮಾರಾಟವಾಗುತ್ತದೆ ಎಂದು ಅಂದಾಜಿಸಿ, ಉಳಿಯಬಹುದು ಅನ್ನಿಸಿದ್ದನ್ನು ಮಾತ್ರ ಕಡಿಮೆ ಮೈಲಿನ ಅವಾರ್ಡ್ ಸೀಟಾಗಿ, ಅಂದರೆ ಮೈಲು ಕೊಟ್ಟು ಪಡೆಯುವ ಸೀಟಾಗಿ ಬಿಡುತ್ತದೆ. ಹಬ್ಬ, ರಜೆ, ವಾರಾಂತ್ಯಗಳಲ್ಲಿ ನೀವು ಹುಡುಕುತ್ತೀರಿ, ದುಡ್ಡು ಕೊಡುವ ಗಿರಾಕಿಗಳೂ ಅವತ್ತೇ ತುಂಬಿರುತ್ತಾರೆ. ಕಡಿಮೆ ಮೈಲಿನ ಸೀಟು ಕಾಣುವ ಸಂಭವ ಹೆಚ್ಚಿರುವುದು ಎರಡು ಹೊತ್ತಿನಲ್ಲಿ: ವೇಳಾಪಟ್ಟಿ ತೆರೆದಾಗ, ಅಂದರೆ ಹೊರಡುವ ದಿನಕ್ಕೆ ಸುಮಾರು 330ರಿಂದ 360 ದಿನ ಮೊದಲು, ಮತ್ತು ಕೊನೆಯ ಎರಡು ವಾರಗಳಲ್ಲಿ ಖಾಲಿ ಸೀಟು ಖಾತ್ರಿಯಾದಾಗ. ನಡುವಿನ ತಿಂಗಳುಗಳು ಬಹಳಷ್ಟು ಸಲ ಬರಡು.

ಎರಡರಷ್ಟು ಮೈಲು ಕೇಳುವುದಕ್ಕೆ ಕಾರಣ ಬೇರೆ. ಹಲವು ಸಂಸ್ಥೆಗಳು ಇಂತಿಷ್ಟು ದೂರಕ್ಕೆ ಇಂತಿಷ್ಟು ಮೈಲು ಎಂಬ ಪಟ್ಟಿಯನ್ನೇ ಕೈಬಿಟ್ಟಿವೆ. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಹೀಗೆ ಮಾಡಿದವು. ಈಗ ಮೈಲಿನ ದರ ಟಿಕೆಟ್ ದರದ ಬೆನ್ನುಹತ್ತಿ ಏರಿಳಿಯುತ್ತದೆ. ಇದರಲ್ಲಿ ಸೀಟು ಸದಾ ಸಿಗುತ್ತದೆ, ಆದರೆ ಕೆಟ್ಟ ಬೆಲೆಗೆ. ಇಂಥ ಕಡೆ ಮೇಲಿನ ಭಾಗಾಕಾರವೇ ನಿಮಗೆ ರಕ್ಷಣೆ. ಉತ್ತರ ನಿಮ್ಮ ಸರಾಸರಿಗಿಂತ ತೀರಾ ಕೆಳಗೆ ಬಂದರೆ ಆ ಸಲ ದುಡ್ಡು ಕೊಟ್ಟು ಹೋಗಿ.

ನಿಮ್ಮ 42,000ಕ್ಕೆ ಒಳ್ಳೆಯ ಜಾಗ ಬಹುಶಃ ಆ ಸಂಸ್ಥೆಯ ಸ್ವಂತ ವಿಮಾನವಲ್ಲ, ಅದರ ಪಾಲುದಾರರದ್ದು. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಹುಟ್ಟಿದ ಒಕ್ಕೂಟಗಳು. ಒಂದು ಸದಸ್ಯ ಸಂಸ್ಥೆಯ ಮೈಲಿನಿಂದ ಇನ್ನೊಂದರ ಸೀಟು ತೆಗೆದುಕೊಳ್ಳಬಹುದು, ಮತ್ತು ಪಾಲುದಾರರ ಸೀಟಿಗೆ ಹಲವು ಯೋಜನೆಗಳು ಇನ್ನೂ ನಿಗದಿತ ಪಟ್ಟಿ ಇಟ್ಟುಕೊಂಡಿವೆ. ಹುಡುಕುವಾಗ ಒಬ್ಬರಿಗೆ ಹುಡುಕಿ. ಇಬ್ಬರಿಗೆ ಕೇಳಿದಾಗ ಒಂದೇ ಸೀಟು ಇದ್ದರೆ ವ್ಯವಸ್ಥೆ ಏನೂ ಇಲ್ಲ ಅನ್ನಬಹುದು, ಅಥವಾ ಇಬ್ಬರಿಗೂ ದುಬಾರಿ ದರ ತೋರಿಸಬಹುದು. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆಯಾಗಿ ನೋಡಿ.

ಮೈಲಿನ ಜೊತೆ ಕೇಳುವ ನಗದಿನ ಮೇಲೂ ಕಣ್ಣಿರಲಿ. ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ತಪ್ಪಿಸಲಾಗದು. ಆದರೆ ಸಂಸ್ಥೆಯೇ ಹಾಕುವ ಸರ್‌ಚಾರ್ಜ್ ಬೇರೆ, ಹಿಂದೆ ಅದಕ್ಕೆ ಇಂಧನದ ಹೆಸರಿತ್ತು. ಒಂದೇ ವಿಮಾನದ ಒಂದೇ ಸೀಟಿಗೆ ಒಂದು ಯೋಜನೆ ಅದನ್ನು ವಸೂಲು ಮಾಡಿದರೆ ಇನ್ನೊಂದು ಮಾಡುವುದಿಲ್ಲ. ಯುನೈಟೆಡ್‌ನ ಯೋಜನೆ ಅದನ್ನು ಸದಸ್ಯರ ಮೇಲೆ ಹಾಕುವುದಿಲ್ಲ, ಏರ್ ಕೆನಡಾದ ಏರೋಪ್ಲ್ಯಾನ್ 2020ರಲ್ಲಿ ತೆಗೆದುಹಾಕಿತು. ಬ್ರಿಟಿಷ್ ಏರ್‌ವೇಸ್‌ನ ದೂರದ ಮಾರ್ಗಗಳಲ್ಲಿ ಈ ಮೊತ್ತ ದೊಡ್ಡದಿರುತ್ತದೆ. ಮೈಲು ಕಡಿಮೆ ಅಂತ ಹಿಗ್ಗಿ, ಅಗ್ಗದ ದುಡ್ಡಿನ ಟಿಕೆಟ್ಟಿನಷ್ಟೇ ಸರ್‌ಚಾರ್ಜ್ ಕೊಟ್ಟುಬರುವವರಿದ್ದಾರೆ.

ಅವಾರ್ಡ್ ಟಿಕೆಟ್ಟಿಗೆ ಒಂದು ಗುಣವಿದೆ, ಅದನ್ನು ಲೆಕ್ಕದಲ್ಲಿ ಕಾಣಿಸುವುದು ಕಷ್ಟ. ಹಲವು ಸಂಸ್ಥೆಗಳಲ್ಲಿ ಸಣ್ಣ ಶುಲ್ಕಕ್ಕೆ, ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಬಹುಪಾಲು ಶುಲ್ಕವಿಲ್ಲದೆ, ರದ್ದು ಮಾಡಿ ಮೈಲು ವಾಪಸ್ ಪಡೆಯಬಹುದು. ಅಗ್ಗದ ದುಡ್ಡಿನ ಟಿಕೆಟ್ಟಿಗೆ ಆ ಸೌಲಭ್ಯ ಅಪರೂಪ. ಖಚಿತವಿಲ್ಲದ ಪ್ರಯಾಣಕ್ಕೆ ಮೈಲು ಬಳಸುವುದು ಜಾಣತನ, ಮೈಲಿನ ಅವಧಿ ಹತ್ತಿರವಿಲ್ಲದಿದ್ದರೆ.

ಸರಕು, ಗಿಫ್ಟ್ ಕಾರ್ಡ್, ಪತ್ರಿಕೆ ಚಂದಾ ಮುಂತಾದವುಗಳಿಗೆ ಮೈಲು ಕೊಟ್ಟರೆ ಸಾಮಾನ್ಯವಾಗಿ ಟಿಕೆಟ್ಟಿಗಿಂತ ಕಡಿಮೆ ಬೆಲೆ ಸಿಗುತ್ತದೆ. 42,000ಕ್ಕೆ ಇದು ಬೇಡ. 3,500 ಮೈಲಿನ ಖಾತೆಗೆ ಮಾತ್ರ ನನ್ನ ಉತ್ತರ ಬೇರೆ: ಅಷ್ಟರಲ್ಲಿ ಟಿಕೆಟ್ ಬರುವುದಿಲ್ಲ, ಇನ್ನಷ್ಟು ಸೇರಿಸುವಷ್ಟು ಆ ಸಂಸ್ಥೆಯಲ್ಲಿ ನೀವು ಹಾರುವಂತೆಯೂ ಕಾಣುವುದಿಲ್ಲ. ಸಿಕ್ಕಿದ್ದಕ್ಕೆ ಕೊಟ್ಟು ಆ ಖಾತೆಯನ್ನು ಮರೆತುಬಿಡಿ. ಬೇರೆ ಬೇರೆ ಸಂಸ್ಥೆಗಳ ಮೈಲುಗಳನ್ನು ಒಂದೆಡೆ ಕೂಡಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಮನೆಯವರ ಮೈಲು ಒಟ್ಟುಗೂಡಿಸುವ ಕುಟುಂಬ ಖಾತೆಯ ಸೌಲಭ್ಯ ಕೆಲವು ಯೋಜನೆಗಳಲ್ಲಿದೆ. 11,000ದ ಖಾತೆಗೆ ಅದು ಸಿಗುತ್ತದೆಯೇ ನೋಡಿ, ಒಂದು ಚಿಕ್ಕ ಮಾರ್ಗದ ಟಿಕೆಟ್ ಆದೀತು.

ಇನ್ನು ಮುಂದೆ ಹಾರುವಾಗ ಒಂದು ಒಕ್ಕೂಟಕ್ಕೆ ಒಂದೇ ಖಾತೆ ಇಟ್ಟುಕೊಳ್ಳಿ. ಯಾವ ಸಂಸ್ಥೆಯ ವಿಮಾನ ಹತ್ತುತ್ತೀರೋ ಅದೇ ಸಂಸ್ಥೆಯ ಖಾತೆಗೆ ಮೈಲು ಹಾಕಬೇಕೆಂಬ ನಿಯಮವಿಲ್ಲ. ಪಾಲುದಾರನ ಖಾತೆ ಸಂಖ್ಯೆಯನ್ನು ಬುಕ್ಕಿಂಗ್‌ನಲ್ಲಿ ಕೊಟ್ಟರೆ ಅಲ್ಲಿಗೇ ಜಮೆಯಾಗುತ್ತದೆ. ಒಂದು ಪ್ರಯಾಣಕ್ಕೆ ಒಂದೇ ಖಾತೆ, ಒಮ್ಮೆ ಜಮೆಯಾದ ಮೇಲೆ ಬದಲಿಸಲು ಬಿಡುವುದಿಲ್ಲ.

ಕಾರ್ಡಿನ 60,000 ಪಾಯಿಂಟ್

ಇವು ನಿಮ್ಮ ಕೈಯಲ್ಲಿರುವ ಅತ್ಯಂತ ಒಳ್ಳೆಯ ಆಸ್ತಿ, ಏಕೆಂದರೆ ಇನ್ನೂ ಯಾವ ಸಂಸ್ಥೆಗೂ ಕಟ್ಟುಬಿದ್ದಿಲ್ಲ. ವರ್ಗಾವಣೆ ಒಮ್ಮುಖ. ಬ್ಯಾಂಕಿನಿಂದ ಸಂಸ್ಥೆಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಆದ್ದರಿಂದ ಸೀಟು ಕಣ್ಣಿಗೆ ಬಿದ್ದ ಮೇಲೆ ವರ್ಗಾಯಿಸಿ. ಅದರಲ್ಲೂ ಪಾಲುದಾರರ ಸೀಟಾದರೆ ಪರದೆಯ ಮೇಲೆ ಕಂಡದ್ದು ನಿಜವಾಗಿ ಇಲ್ಲದಿರುವ ಸಂಭವವಿದೆ. ಪಾವತಿಯ ಪುಟದವರೆಗೆ ಹೋಗಿ ನೋಡಿ, ಅಥವಾ ಗ್ರಾಹಕ ಸೇವೆಗೆ ಫೋನ್ ಮಾಡಿ ಆ ಸೀಟು ಸಿಗುತ್ತದೆಯೇ ಕೇಳಿ, ಕೆಲವರು ಒಂದೆರಡು ದಿನ ಹಿಡಿದಿಡುತ್ತಾರೆ. ವರ್ಗಾವಣೆ ಕೆಲವು ಕಡೆ ನಿಮಿಷಗಳಲ್ಲಿ, ಕೆಲವು ಕಡೆ ದಿನಗಳಲ್ಲಿ ಆಗುತ್ತದೆ. ಆ ದಿನಗಳಲ್ಲಿ ಸೀಟು ಹೋದರೆ ನಿಮ್ಮ ಪಾಯಿಂಟ್ ಬೇಡದ ಖಾತೆಯಲ್ಲಿ ಸಿಕ್ಕಿಕೊಂಡಂತೆ. ಎರಡೂ ಖಾತೆಗಳಲ್ಲಿ ಹೆಸರು ಅಕ್ಷರಕ್ಷರ ಒಂದೇ ಇರಬೇಕು. ಇನಿಶಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ ಎನ್ನುವುದಕ್ಕೇ ವರ್ಗಾವಣೆ ತಿರಸ್ಕೃತವಾಗುವುದುಂಟು.

ಕಾರ್ಡಿನ ಬಾಕಿಯನ್ನು ತಿಂಗಳು ತಿಂಗಳು ಪೂರ್ತಿ ಕಟ್ಟದಿದ್ದರೆ ಈ ಇಡೀ ಲೆಕ್ಕಕ್ಕೆ ಅರ್ಥವಿಲ್ಲ. ಒಂದೆರಡು ತಿಂಗಳ ಬಡ್ಡಿ ಒಂದು ವರ್ಷದ ಮೈಲನ್ನು ನುಂಗುತ್ತದೆ. ಬಾಕಿ ಉಳಿಸುವ ಅಭ್ಯಾಸವಿದ್ದರೆ ಮೈಲಿನ ಕಾರ್ಡು ಬಿಟ್ಟು ಕಡಿಮೆ ಬಡ್ಡಿಯದ್ದನ್ನು ಹಿಡಿಯಿರಿ.

ಟಿಕೆಟ್ಟಿಗೆ ಸ್ವಲ್ಪ ಮೈಲು ಕಡಿಮೆ ಬಿದ್ದರೆ ಆ ಕೊರತೆಯಷ್ಟನ್ನು ಸಂಸ್ಥೆಯಿಂದ ಕೊಳ್ಳಬಹುದು. ಬೋನಸ್ ಇದೆ ಎಂದು ಮುಂದೆ ಎಂದೋ ಬೇಕಾದೀತೆಂದು ಕೊಂಡಿಡಬೇಡಿ. ಮೈಲು ಮಾರುವ, ಕೊಳ್ಳುವ ದಲ್ಲಾಳಿಗಳ ಹತ್ತಿರವೂ ಹೋಗಬೇಡಿ. ಸಿಕ್ಕಿಬಿದ್ದರೆ ಟಿಕೆಟ್ ರದ್ದಾಗುತ್ತದೆ, ಖಾತೆ ಮುಚ್ಚುತ್ತದೆ, ಉಳಿದ ಮೈಲೂ ಹೋಗುತ್ತದೆ.

ಸಿಲ್ವರ್‌ಗಾಗಿ ಒಂದು ಟ್ರಿಪ್?

ಬೇಡ ಅನ್ನುವುದು ನನ್ನ ಅಭಿಪ್ರಾಯ, ಕಾರಣ ಹೇಳುತ್ತೇನೆ. ದರ್ಜೆ ಅಂದರೆ ಹೆಚ್ಚು ಹಾರುವ ಸದಸ್ಯರಿಗೆ ಸಂಸ್ಥೆ ಕೊಡುವ ಮೇಲಿನ ಸ್ಥಾನ. ಜನ ದರ್ಜೆ ಅಂದಾಗ ಲೌಂಜನ್ನು, ಅಂದರೆ ನಿಲ್ದಾಣದ ವಿಶೇಷ ವಿಶ್ರಾಂತಿ ಕೊಠಡಿಯನ್ನು ನೆನೆಯುತ್ತಾರೆ. ಒಕ್ಕೂಟಗಳಲ್ಲಿ ಲೌಂಜ್ ಸಿಗುವುದು ಸ್ಟಾರ್ ಗೋಲ್ಡ್, ಒನ್‌ವರ್ಲ್ಡ್ ಸಫೈರ್, ಸ್ಕೈಟೀಮ್ ಎಲೀಟ್ ಪ್ಲಸ್ ಮಟ್ಟದಿಂದ ಮೇಲೆ. ಕೆಳಗಿನ ದರ್ಜೆಯಲ್ಲಿ ಹೆಚ್ಚೆಂದರೆ ಆದ್ಯತೆಯ ಚೆಕ್‌ಇನ್, ವೇಟ್‌ಲಿಸ್ಟಿನಲ್ಲಿ ಸ್ವಲ್ಪ ಮುಂದಿನ ಜಾಗ, ಕೆಲವು ಕಡೆ ಸೀಟು ಆಯ್ಕೆ ಅಥವಾ ಹೆಚ್ಚಿನ ಲಗೇಜು. ಮುಂದಿನ ವರ್ಷದ ನಿಮ್ಮ ಏಳೆಂಟು ಪ್ರಯಾಣಗಳಲ್ಲಿ ಇವುಗಳಿಗೆ ದುಡ್ಡು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಕೂಡಿಸಿ. ಆ ಮೊತ್ತ ಹೆಚ್ಚುವರಿ ಟ್ರಿಪ್ಪಿನ ಟಿಕೆಟ್, ತಂಗುವ ಖರ್ಚು, ಎರಡು ದಿನಗಳ ರಜೆ ಇವನ್ನೆಲ್ಲ ದಾಟುವುದು ಅಪರೂಪ. ಹೇಗೂ ಹೋಗಬೇಕಾದ ಪ್ರಯಾಣವೊಂದಿದ್ದು ದರ್ಜೆಯ ಅರ್ಹತೆಗೆ ಲೆಕ್ಕ ಹಿಡಿಯುವ ವರ್ಷ ಮುಗಿಯುವ ಮೊದಲೇ ಅದನ್ನು ಮಾಡಲು ಸಾಧ್ಯವಾದರೆ ಆ ಮಾತು ಬೇರೆ, ಆಗ ಮಾಡಿ.

ಇಲ್ಲೂ ಒಂದು ಗೊಂದಲವಿದೆ. ಮೈಲು ಖರ್ಚು ಮಾಡಿದರೆ ದರ್ಜೆ ಇಳಿಯುತ್ತದೆ ಎಂದು ಹಲವರು ಮುಟ್ಟದೆ ಇಟ್ಟಿರುತ್ತಾರೆ. ಖರ್ಚಿನ ಮೈಲು ಬೇರೆ, ದರ್ಜೆಯ ಪಾಯಿಂಟ್ ಬೇರೆ ಖಾತೆ. 42,000 ಪೂರ್ತಿ ಖಾಲಿ ಮಾಡಿದರೂ ಸಿಲ್ವರ್ ಹಾದಿಗೆ ಅಡ್ಡಿಯಿಲ್ಲ. ಆದರೆ ಹೆಚ್ಚಿನ ಕಡೆ ಕಾರ್ಡಿನ ಪಾಯಿಂಟ್ ವರ್ಗಾಯಿಸಿದರೆ, ಅಥವಾ ಮೈಲು ಕೊಟ್ಟು ಹಾರಿದರೆ, ದರ್ಜೆಯ ಲೆಕ್ಕಕ್ಕೆ ಏನೂ ಸೇರುವುದಿಲ್ಲ.

ಬಚ್ಚಿಟ್ಟರೆ ಆಗುವುದೇನು

ಮೈಲು ರಾಶಿ ಹಾಕಿಡುವವರಿಗೆ ಬೆಲೆಯ ಇಳಿತವಷ್ಟೇ ಅಪಾಯವಲ್ಲ. ಆಸ್ಟ್ರೇಲಿಯಾದ ಅನ್ಸೆಟ್ 2001ರಲ್ಲಿ ಬಿದ್ದಾಗ ಸದಸ್ಯರ ಪಾಯಿಂಟ್‌ಗಳೂ ಅದರ ಜೊತೆಗೇ ಹೋದವು. ಜರ್ಮನಿಯ ಏರ್ ಬರ್ಲಿನ್ 2017ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅದರ ಟಾಪ್‌ಬೋನಸ್ ಮೈಲುಗಳನ್ನು ಬಳಸುವುದೇ ನಿಂತಿತು. ಯೋಜನೆ ಬೇರೆ ಕಂಪನಿಯ ಒಡೆತನದಲ್ಲಿದ್ದರೆ ಉಳಿಯುವ ಸಾಧ್ಯತೆಯಿದೆ: ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದರೂ, ಪ್ರತ್ಯೇಕ ಕಂಪನಿಯಾಗಿದ್ದ ಜೆಟ್‌ಪ್ರಿವಿಲೇಜ್ ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಆದರೆ ಅದನ್ನು ನಂಬಿ ಕೂರಬೇಡಿ. ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ಬಳಸಬಹುದಾದಷ್ಟು ಮೈಲು ಇದ್ದರೆ ಸಾಕು.

ಕಳ್ಳತನವೂ ನಡೆಯುತ್ತದೆ. ಮೈಲಿನ ಖಾತೆಗೆ ಬ್ಯಾಂಕಿನಷ್ಟು ಬಿಗಿ ಕಾವಲಿಲ್ಲ, ಮತ್ತು ಜನ ಅದನ್ನು ತಿಂಗಳುಗಟ್ಟಲೆ ತೆರೆದು ನೋಡುವುದಿಲ್ಲ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಬೋರ್ಡಿಂಗ್ ಪಾಸ್ ಫೋಟೋ ಎಲ್ಲಿಯೂ ಹಾಕಬೇಡಿ, ಅದರ ಬಾರ್‌ಕೋಡಿನಲ್ಲಿ ಹೆಸರು, ಬುಕ್ಕಿಂಗ್ ಸಂಖ್ಯೆ ಇರುತ್ತವೆ, ಹಲವು ಸಲ ಮೈಲಿನ ಖಾತೆಯ ಸಂಖ್ಯೆಯೂ ಇರುತ್ತದೆ.

ಜಮೆಯಾಗದ ಪ್ರಯಾಣ

ಸಾಮಾನ್ಯ ಕಾರಣ ಮೂರು: ಟಿಕೆಟ್ಟಿನ ಹೆಸರು ಖಾತೆಯ ಹೆಸರಿಗೆ ಹೊಂದದಿರುವುದು, ಕಚೇರಿಯವರೋ ಏಜೆಂಟರೋ ಬುಕ್ ಮಾಡುವಾಗ ಖಾತೆ ಸಂಖ್ಯೆ ಹಾಕದಿರುವುದು, ಅಥವಾ ಆ ಬುಕ್ಕಿಂಗ್ ಕ್ಲಾಸಿಗೆ ಮೈಲೇ ಇಲ್ಲದಿರುವುದು. ಮೂರನೆಯದಾದರೆ ದೂರು ಕೊಟ್ಟು ಫಲವಿಲ್ಲ. ಮೊದಲೆರಡಾದರೆ ಸಂಸ್ಥೆಯ ಜಾಲತಾಣದಲ್ಲಿ ಬಿಟ್ಟುಹೋದ ಮೈಲು ಕೇಳುವ ಅರ್ಜಿಯಿರುತ್ತದೆ. ಬೇಕಾಗುವುದು 13 ಅಂಕಿಯ ಟಿಕೆಟ್ ಸಂಖ್ಯೆ. ಅದು ಆರು ಅಕ್ಷರದ ಪಿಎನ್‌ಆರ್ ಅಲ್ಲ, ಇ-ಟಿಕೆಟ್ಟಿನ ಮೇಲೆ ಬೇರೆಯಾಗಿ ಮುದ್ರಿತವಾಗಿರುತ್ತದೆ. ಜೊತೆಗೆ ಬೋರ್ಡಿಂಗ್ ಪಾಸ್. ಮೊಬೈಲಿನ ಪಾಸ್ ಪ್ರಯಾಣ ಮುಗಿದ ಮೇಲೆ ಕಾಣೆಯಾಗುವುದರಿಂದ ಹತ್ತುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಪಾಲುದಾರರ ವಿಮಾನದ ಮೈಲು ಬರಲು ಕೆಲವು ವಾರ ಹಿಡಿಯಬಹುದು, ಆದ್ದರಿಂದ ಒಂದು ತಿಂಗಳು ಕಾದು ಅರ್ಜಿ ಹಾಕಿ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳವರೆಗೆ ಅವಕಾಶವಿರುತ್ತದೆ. ನಿಮ್ಮದು ಕಳೆದ ತಿಂಗಳದ್ದಾದ್ದರಿಂದ ಸಮಯ ಧಾರಾಳವಾಗಿದೆ. ಆ ಪ್ರಯಾಣ 42,000 ಇರುವ ಖಾತೆಯದ್ದೇ ಆಗಿದ್ದು ಯೋಜನೆ ಚಟುವಟಿಕೆ ಆಧಾರಿತವಾಗಿದ್ದರೆ ಮಾತ್ರ ಮೊದಲು ಈ ಅರ್ಜಿಯನ್ನೇ ಹಾಕಿ. ಅದು ಜಮೆಯಾದ ದಿನವೇ ಉಳಿದ ಮೈಲುಗಳ ಅವಧಿಯೂ ಮುಂದಕ್ಕೆ ಹೋಗುತ್ತದೆ.